ತಾತ್ಪುರದ ತುಳಸಿ

ಅಂಕೋಲಾದಿಂದ ಕಾರವಾರಕ್ಕೆ ಹೋಗುವ ಬಸ್ಸು ಚೆಂಡಿಯಾದ ಹತ್ತಿರ ಬರುವ ಹೊತ್ತಿಗೆ ಕಂಡಕ್ಟರ್ ಟಿಕೆಟ್ ಯಂತ್ರವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಒಮ್ಮೆ ಕೂಗುತ್ತಾನೆ: "ತಾತ್ಪುರ! ತಾತ್ಪುರ ಇಳಿಯೂರು ಯಾರಾದ್ರೂ ಇದ್ರ್ಯಾ?" ನಾನು ಚೀಲ ಹಿಡಿದುಕೊಂಡು ಏಳುತ್ತೇನೆ. ಈಚೆಗೆ ಹೀಗೆ ಏಳುವಾಗ ಮುಂದಿನ ಸೀಟಿನ ಹಿರಿಯರೊಬ್ಬರು ತಮ್ಮ ಮೊಮ್ಮಗಳಿಗೆ ವಿವರಿಸುತ್ತಿದ್ದರು: "ತಾತಯ್ಯ ಅಂತ ಒಬ್ರು ಸಂತ್ರು ಇದ್ರು ಇಲ್ಲಿ. ಭಾರಿ ಹಿಂದೆ. ಅವ್ರ ಹೆಸರ ಮೇಲೆ ಊರು." ಮೊಮ್ಮಗಳು ಕಿಟಕಿಯಿಂದ ತಗಡಿನ ಶೆಡ್ಡುಗಳ ಸಾಲನ್ನು ನೋಡಿ, "ಅವ್ರ ದೇವಸ್ಥಾನ ಎಲ್ಲದೆ ಮತ್ತೆ?" ಎಂದು ಕೇಳಿದಳು. ಹಿರಿಯರು ಒಂದಿಷ್ಟೂ ತಡವರಿಸದೆ, "ಒಳಬದಿಗೆ ಅದೆ" ಎಂದರು.

ಒಳಬದಿಗೆ ಸಂತರಿಲ್ಲ. ಒಳಬದಿಗೆ ನನ್ನ ಅಜ್ಜಿ ಇದ್ದಾಳೆ.

ಧಾರವಾಡದಲ್ಲಿ ಎಂ.ಎ. ಓದುವಾಗಲೂ ಹೀಗೇ ಆಗಿತ್ತು. ಇತಿಹಾಸದ ಪ್ರಾಧ್ಯಾಪಕರೊಬ್ಬರು ನನ್ನ ಊರಿನ ಹೆಸರು ಕೇಳಿ ಕಣ್ಣರಳಿಸಿದರು. "ತಾತ ಎಂದರೆ ತಂದೆ, ಪುರ ಎಂದರೆ ಪಟ್ಟಣ. ಪಿತೃಗಳ ಪಟ್ಟಣ. ಕದಂಬರ ಕಾಲಕ್ಕಾದರೂ ಹೋಗಬೇಕು ಇದು" ಎಂದರು. ನಾನು "ಹೌದು ಸರ್" ಎಂದೆ. ಕದಂಬರ ಕಾಲದಲ್ಲಿ ತಗಡಿನ ಶೀಟು ಸಿಗುತ್ತಿತ್ತೇ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ನಿಜ ಸಂಗತಿ ಇಷ್ಟೇ. ಮನೆಯಲ್ಲಿ ನಾವು ಆಡುವುದು ಕೊಂಕಣಿ ಬೆರೆತ ಕನ್ನಡ, ಅಥವಾ ಕನ್ನಡ ಬೆರೆತ ಕೊಂಕಣಿ. ಯಾವುದಕ್ಕೆ ಯಾವುದನ್ನು ಬೆರೆಸಿದ್ದು ಎಂದು ಈಗ ಬಿಡಿಸಿ ಹೇಳುವುದು ಕಷ್ಟ. ಅದರಲ್ಲಿ 'ತಾತ್ಪುರ್ತೆ' ಎಂದರೆ ಸದ್ಯಕ್ಕೆ, ತಾತ್ಕಾಲಿಕವಾಗಿ. ಸಮುದ್ರದ ದಂಡೆಯ ನಮ್ಮ ಹಳೆಯ ಊರು ನಾನು ಹುಟ್ಟುವ ಮೊದಲೇ ನೌಕಾನೆಲೆಯ ಪ್ರಾಜೆಕ್ಟಿಗೆ ಹೋಯಿತು. ಊರವರನ್ನೆಲ್ಲ ಲಾರಿಗಳಲ್ಲಿ ತಂದು ಹೆದ್ದಾರಿಯ ಪಕ್ಕದ ಈ ಶೆಡ್ಡುಗಳ ಎದುರಿಗೆ ಇಳಿಸಿದರು. ಇಳಿಸಿದವರಲ್ಲಿ ಒಬ್ಬ, "ತಾತ್ಪುರ್ತೆ ಇಲ್ಲಿರಿ. ಈ ಮಳೆಗಾಲ ಒಂದು ಕಳೀಲಿ" ಎಂದನಂತೆ. ಯಾವ ಮಳೆಗಾಲ ಎಂದು ಯಾರೂ ಕೇಳಲಿಲ್ಲ. ಅಜ್ಜಿ ಆ ಮಾತನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಎಲ್ಲಿರುತ್ತೀರಿ ಎಂದು ನೆಂಟರು ಕೇಳಿದರೆ, "ತಾತ್ಪುರ್ತೆ ಇದ್ದೇವೆ" ಎನ್ನುವಳು. ವಿಳಾಸ ಹೇಳಬೇಕಾದಲ್ಲೂ ಅದೇ ಉತ್ತರ.

ಅದನ್ನೇ ಕೇಳುತ್ತ ಬೆಳೆದ ಮಗುವೊಂದು ಒಂದನೇ ತರಗತಿಯಲ್ಲಿ, ನಿನ್ನ ಊರು ಯಾವುದು ಎಂದು ಕೇಳಿದಾಗ ಎದ್ದು ನಿಂತು, "ತಾತ್ಪುರ" ಎಂದಿತು. ಮಲ್ಲಾಪುರ ಇದ್ದ ಮೇಲೆ ತಾತ್ಪುರವೂ ಇರಬಹುದಲ್ಲವೇ? ಮಗುವಿನ ಲೆಕ್ಕ ಸರಿಯಾಗಿಯೇ ಇತ್ತು. ತರಗತಿ ನಕ್ಕಿತು, ಆದರೆ ಹೆಸರು ಅಂಟಿಕೊಂಡಿತು. ಮೊದಲು ಶಾಲೆಯಲ್ಲಿ, ಆಮೇಲೆ ರೇಶನ್ ಅಂಗಡಿಯಲ್ಲಿ, ಕೊನೆಗೆ ಬಸ್ಸಿನಲ್ಲಿ.

ಆ ಮಗು ನಾನೇ ಎಂದು ಇಷ್ಟು ವರ್ಷ ನಂಬಿದ್ದೆ. ಟೀಚರ್ ಉಟ್ಟ ಹಸಿರು ಸೀರೆ, ಹಲಗೆಯ ಮೇಲೆ ಅರ್ಧ ಒರೆಸಿದ ಮಗ್ಗಿ, ಎಲ್ಲ ಕಣ್ಣಿಗೆ ಕಟ್ಟಿದ ಹಾಗಿದೆ. ಆದರೆ ಚಿಕ್ಕಪ್ಪನ ಮಗ ಆ ಮಗು ತಾನು ಎನ್ನುತ್ತಾನೆ. "ಹಸಿರು ಸೀರೆ ಎಲ್ಲಿಂದ ಬಂತೇ? ಒಂದನೇತ್ತಿಗೆ ನಮ್ಗೆ ಮಾಸ್ತರು ಇದ್ದದ್ದು. ಮಾಸ್ತರಿಗೆ ಸೀರೆ ಉಡಿಸ್ತ್ಯಾ ನೀನು?" ಎಂದು ಕೇಳುತ್ತಾನೆ. ನಮ್ಮ ಸಾಲಿನ ಇನ್ನೂ ಇಬ್ಬರು ತಾವೇ ಎಂದು ಹೇಳಿಕೊಂಡು ತಿರುಗುತ್ತಾರೆ. ಒಂದು ತಪ್ಪಿಗೆ ಇಷ್ಟೊಂದು ವಾರಸುದಾರರು ಇರುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. ದಿನಚರಿ ಬರೆಯುವ ಅಭ್ಯಾಸ ನನಗೆ ಹೈಸ್ಕೂಲಿನಲ್ಲಿ ಹತ್ತಿತು, ಅದಕ್ಕೂ ಮುಂಚಿನದಕ್ಕೆ ಸಾಕ್ಷಿ ಇಲ್ಲ. ಹತ್ತಿದ ಮೇಲಾದರೂ ಏನು? ಮುಖ್ಯವಾದ ದಿನಗಳಲ್ಲಿ ನನ್ನ ದಿನಚರಿ "ಇಂದು ಸೆಕೆ. ಬಂಗುಡೆ ಸಾರು" ಎಂದು ಮುಗಿದಿರುತ್ತದೆ.

ನೆನಪಿನ ಬಗ್ಗೆ ನನಗೆ ಇನ್ನೊಂದು ತಕರಾರಿದೆ. ಹಳೆಯ ಮನೆಯ ಬಾವಿ ನನಗೆ ಬಹಳ ಚೆನ್ನಾಗಿ ನೆನಪಿದೆ. ಅದರ ಕಟ್ಟೆಯ ಒಂದು ಕಲ್ಲು ಸ್ವಲ್ಪ ಹೊರಗೆ ಚಾಚಿತ್ತು, ಬಿಂದಿಗೆ ಇಟ್ಟರೆ ಅಲ್ಲಾಡುತ್ತಿತ್ತು. ಈ ಬಾವಿಯನ್ನು ನಾನು ನೋಡಿಯೇ ಇಲ್ಲ. ನಾನು ಹುಟ್ಟಿದ್ದು ಶೆಡ್ಡಿನಲ್ಲಿ. ಬಾವಿ ಇದ್ದದ್ದು ಅಜ್ಜಿಯ ಬಾಯಲ್ಲಿ.

ಆಯಿಯೂ, ಅಂದರೆ ನನ್ನ ಅಮ್ಮನೂ, ಆ ಬಾವಿಯನ್ನು ನೋಡಿದವಳಲ್ಲ. ಅವಳು ಅಂಕೋಲಾದ ಕಡೆಯಿಂದ ಮದುವೆಯಾಗಿ ಬಂದದ್ದು ನೇರವಾಗಿ ಶೆಡ್ಡಿಗೆ. ಈ ಬರಹ ಮುಖ್ಯವಾಗಿ ಅವಳ ಬಗ್ಗೆ. ಅವಳು ಓದಿದರೆ ಅಲ್ಲ ಎನ್ನುತ್ತಾಳೆ.

ಮದುಮಗಳು ಒಳಗೆ ಬಂದಾಗ ಶೆಡ್ಡಿನಲ್ಲಿ ಗೋಡೆಗೆ ಒಂದು ಮೊಳೆಯೂ ಇರಲಿಲ್ಲ. ಅದು ಅಜ್ಜಿಯ ಕಾನೂನು. "ಮೊಳೆ ಹೊಡೆದ್ರೆ ಮನೆ ಆಗ್ತದೆ" ಎನ್ನುವಳು. ಕ್ಯಾಲೆಂಡರು, ಕನ್ನಡಿ, ಲಾಟೀನು ಎಲ್ಲ ಮಾಡಿನ ಪಟ್ಟಿಗೆ ಕಟ್ಟಿದ ಹಗ್ಗದಲ್ಲಿ ಜೋತಾಡುತ್ತಿದ್ದವು. ಕಡಲ ಗಾಳಿ ಬೀಸಿದರೆ ಕನ್ನಡಿ ತಿರುಗುತ್ತಿತ್ತು. ಅಪ್ಪ ಮುಖಕ್ಷೌರ ಮಾಡಿಕೊಳ್ಳುವಾಗ ಅದರ ಹಿಂದೆ ತಾನೂ ತಿರುಗುತ್ತಿದ್ದ. ಹಳೆಯ ಮನೆಯಿಂದ ತಂದ ಹಿತ್ತಾಳೆ ಪಾತ್ರೆಗಳು ಗೋಣಿಯಲ್ಲಿ ಕಟ್ಟಿದ ಹಾಗೇ ಮಂಚದಡಿಗೆ ಇದ್ದವು. ಸ್ವಂತ ಮನೆ ಆದ ಮೇಲೆ ಬಿಚ್ಚುವುದಂತೆ. ಬೈತಖೋಲದಲ್ಲಿ ಬರ್ಫಿನ, ಅಂದರೆ ಮಂಜುಗಡ್ಡೆಯ, ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ಅಪ್ಪನಿಗೆ ಇದರಿಂದ ಏನೂ ತೊಂದರೆ ಇರಲಿಲ್ಲ. ದಿನವಿಡೀ ಕರಗುವುದನ್ನೇ ಮಾರುವವನು ಅವನು. ಗಟ್ಟಿಯಾಗಿ ನಿಲ್ಲುವುದರ ಮೇಲೆ ಅವನಿಗೆ ಅಂಥ ಭರವಸೆ ಇರಲಿಲ್ಲ.

ತೊಂದರೆ ಇದ್ದದ್ದು ಆಯಿಗೆ. ಮೊದಲನೇ ಮಳೆಗಾಲದಲ್ಲಿ ಮಣ್ಣಿನ ನೆಲ ಪಾಯಸವಾಯಿತು. ಸಿಮೆಂಟು ಹಾಕಿಸೋಣ ಎಂದಳು.

"ಸಿಮೆಂಟು ಎಂತಕ್ಕೆ ಗೋ?" ಎಂದಳು ಅಜ್ಜಿ. "ನಾಳೆ ಬಿಟ್ಟು ಹೋಗೂ ಜಾಗ."

ಆಗ ಆಯಿಯ ಬಾಯಿಂದ ಆ ಮಾತು ಬಂತು. ಅದು ಉಪಾಯವೋ, ಬಾಯಿತಪ್ಪಿ ಬಂದದ್ದೋ, ಕೇಳಿದರೆ ಇವತ್ತಿಗೂ ನಗುತ್ತಾಳೆ. "ಗಟ್ಟಿ ಸಿಮೆಂಟಲ್ಲ ಅತ್ತೆ. ತಾತ್ಪುರ್ತೆ ಸಿಮೆಂಟು."

ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತ ಯೋಚನೆ ಮಾಡಿದಳು. "ತಾತ್ಪುರ್ತೆ ಆದ್ರೆ ಅಡ್ಡಿಲ್ಲ" ಎಂದಳು.

ಮರುದಿನ ಗೌಂಡಿ ಬಂದ. ಅಜ್ಜಿ ಅವನಿಗೂ, "ತಾತ್ಪುರ್ತೆ ಸಿಮೆಂಟು ಹಾಕು" ಎಂದು ಹೇಳಿ ಹಿಂಬದಿಗೆ ಹೋದಳು. ಗೌಂಡಿ ಕರಣೆ ಹಿಡಿದುಕೊಂಡು ನಿಂತ. "ಅದೆಂತದು ಬಾಯೋರೆ? ನಂಗೆ ಗೊತ್ತಿದ್ದದ್ದು ಗಟ್ಟಿ ಆಗೂ ಸಿಮೆಂಟು ಒಂದೇ."

"ಅದನ್ನೇ ಹಾಕು" ಎಂದಳು ಆಯಿ. "ಹೆಸರು ಮಾತ್ರ ಅದು."

ಹೀಗೆ ಬಾಗಿಲು ತೆರೆಯಿತು. ತಾತ್ಪುರ್ತೆ ಒಲೆಕಟ್ಟೆ ಬಂತು. ತಾತ್ಪುರ್ತೆ ಬಚ್ಚಲು, ಅದಕ್ಕೆ ಒಳಗಿನಿಂದ ಹಾಕಿಕೊಳ್ಳುವ ಚಿಲಕ ಬಂತು. ನಾನು ಹುಟ್ಟಿದ ವರ್ಷ ತಾತ್ಪುರ್ತೆ ಕೋಣೆ ಬಂತು. ಆಮೇಲೆ ಒಂದು ಬೇಸಿಗೆಯಲ್ಲಿ ಆಯಿ ತಗಡಿನ ಗೋಡೆಗಳ ಒಳಗೆ ಚಿರೆಕಲ್ಲಿನ ಗೋಡೆ ಎಬ್ಬಿಸಿದಳು. ತಗಡನ್ನು ತೆಗೆಯುವ ಹಾಗಿರಲಿಲ್ಲ, ಏಕೆಂದರೆ ಅಜ್ಜಿಯ ಪ್ರಕಾರ ಶೆಡ್ಡು ಹೊರಗಿನಿಂದ ಶೆಡ್ಡಿನ ಹಾಗೇ ಕಾಣಬೇಕು. ಹೀಗಾಗಿ ನಮ್ಮ ಮನೆ ಸಿಪ್ಪೆ ಸುಲಿಯದ ತೆಂಗಿನಕಾಯಿಯಂತಾಯಿತು. ಹೊರಗೆ ತಟ್ಟಿದರೆ ತಗಡು ಢಣ್ ಎನ್ನುತ್ತದೆ, ಒಳಗೆ ತಟ್ಟಿದರೆ ಕೈ ನೋಯುತ್ತದೆ.

ಸಾಲಿನ ಉಳಿದವರೂ ಈ ಮಂತ್ರ ಕಲಿತರು. ಪ್ರತಿ ಮನೆಯಲ್ಲೂ ಒಬ್ಬರಾದರೂ ಅಜ್ಜಿಯಂಥವರು ಇದ್ದರು ತಾನೆ? ಪಕ್ಕದ ಮನೆಗೆ ತಾತ್ಪುರ್ತೆ ಫ್ರಿಜ್ಜು ಬಂತು. ಚಿಕ್ಕಪ್ಪ ತಾತ್ಪುರ್ತೆ ಜಗಲಿ ಕಟ್ಟಿಸಿ, ಅದಕ್ಕೆ ತಾತ್ಪುರ್ತೆ ಗ್ರಿಲ್ಲು ಹಾಕಿಸಿದ. ಯಾರದೋ ಮನೆಗೆ ತಾತ್ಪುರ್ತೆ ಮಹಡಿ ಏರುವುದರಲ್ಲಿತ್ತು, ಗೌಂಡಿಯೇ ಕೈಮುಗಿದು ತಪ್ಪಿಸಿದನಂತೆ. ಇದು ಉತ್ಪ್ರೇಕ್ಷೆ ಇರಬಹುದು. ಗೌಂಡಿ ಹೇಳಿದ್ದು.

ಆಯಿಗೆ ಎಲ್ಲ ಸಿಕ್ಕಿತು, ಒಂದು ಬಿಟ್ಟು. ತುಳಸಿಕಟ್ಟೆ.

ನಮ್ಮ ಮನೆಯ ಪದ್ಧತಿ ಹೀಗೆ: ಹೊಸ ಸೊಸೆ ಬಂದಾಗ ಅತ್ತೆ ಕಟ್ಟೆಯ ತುಳಸಿಯಿಂದ ಒಂದು ಸಸಿ ಕಿತ್ತು ಸೊಸೆಯ ಕೈಗೆ ಕೊಡಬೇಕು. ಸೊಸೆ ಅದನ್ನು ಅದೇ ಕಟ್ಟೆಯಲ್ಲಿ ನೆಡಬೇಕು. ಆಮೇಲೆ ಆ ಮನೆ ಅವಳದು, ಬೆಳಿಗ್ಗೆ ನೀರು ಹಾಕುವ ಹಕ್ಕು ಅವಳದು. ಅಜ್ಜಿಗೆ ಅವಳ ಅತ್ತೆ ಹಾಗೆ ಕೊಟ್ಟಿದ್ದಳು. ಆದರೆ ಆಯಿ ಬಂದಾಗ ಕಟ್ಟೆ ಎಲ್ಲಿತ್ತು? ತುಳಸಿ ಲಾರಿಯಲ್ಲಿ ಬಂದದ್ದು ಪೇಂಟಿನ ಖಾಲಿ ಬಕೆಟಿನಲ್ಲಿ, ಹಳೆಯ ಅಂಗಳದ ಹೊಯಿಗೆಯ, ಅಂದರೆ ಮರಳುಮಣ್ಣಿನ ಜೊತೆ. ಆ ಬಕೆಟಿನಲ್ಲೇ ಉಳಿಯಿತು. "ಕಟ್ಟೆ ಅಂದ್ರೆ ಸ್ವಂತ ಮನೆ ಅಂಗಳದಲ್ಲಿ" ಎಂದಳು ಅಜ್ಜಿ. ಅದು ಒಂದೇ ಕಡೆ ಇದ್ದು ಜಾಗಕ್ಕೆ ರೂಢಿಯಾಗಬಾರದು ಎಂದು ತಿಂಗಳಿಗೊಮ್ಮೆ ಬಕೆಟನ್ನು ಅಂಗಳದ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಎಳೆಸುತ್ತಿದ್ದಳು. ನೀರು ಹಾಕುವುದೂ ಅವಳೇ.

ಪ್ರತಿವರ್ಷ ತುಳಸಿ ಲಗ್ನಕ್ಕೆ ಬಕೆಟಿಗೇ ಸೀರೆ ಉಡಿಸುತ್ತಿದ್ದೆವು. ಕಬ್ಬು, ನೆಲ್ಲಿಕೊಂಬೆ, ಹುಣಸೆಕೊಂಬೆ ಎಲ್ಲ ಇರುತ್ತಿದ್ದವು. ಅಪ್ಪ ಅಂತರಪಟ ಹಿಡಿಯುತ್ತಿದ್ದ. ಸೀರೆಯ ನೆರಿಗೆ ಸ್ವಲ್ಪ ಜಾರಿದರೆ ಬಕೆಟಿನ ಮೇಲಿನ ಅಚ್ಚು ಕಾಣುತ್ತಿತ್ತು: ಮಳೆ ಬಿಸಿಲು ತಡೆಯುವ ಹೊರಗೋಡೆಯ ಬಣ್ಣ. ಮದುಮಗಳ ಬಗ್ಗೆ ಇಷ್ಟು ನೇರವಾದ ಭರವಸೆಯನ್ನು ಬೇರೆ ಯಾವ ಲಗ್ನದಲ್ಲೂ ಯಾರೂ ಕೊಟ್ಟಿರಲಿಕ್ಕಿಲ್ಲ ಎಂದು ಚಿಕ್ಕಪ್ಪ ಪ್ರತಿವರ್ಷ ಹೇಳುತ್ತಿದ್ದ, ನಾವು ಪ್ರತಿವರ್ಷ ನಗುತ್ತಿದ್ದೆವು.

ಆಯಿ ಒಮ್ಮೆ ಆ ಮಂತ್ರವನ್ನು ಇಲ್ಲಿಯೂ ಪ್ರಯೋಗಿಸಿದಳು. "ತಾತ್ಪುರ್ತೆ ಒಂದು ಕಟ್ಟೆ ಕಟ್ಸಿದ್ರೆ ಹೆಂಗೆ ಅತ್ತೆ?"

ಅಜ್ಜಿ ಎಲೆ-ಅಡಿಕೆಯ ತಟ್ಟೆಯನ್ನು ಪಕ್ಕಕ್ಕಿಟ್ಟಳು. "ಸಿಮೆಂಟಿಗೆ ಸುಳ್ಳು ಹೇಳೂಕಾಗ್ತದೆ. ತುಳಸಿಗೆ ಹೇಳೂಕಾಗ್ತದ್ಯಾ?"

ಅಲ್ಲಿಗೆ ಆ ಮಾತು ಮುಗಿಯಿತು. ಬಕೆಟಿನ ಮಣ್ಣು ಮಾತ್ರ ನೀರಿನ ಜೊತೆ ವರ್ಷ ವರ್ಷ ಇಳಿಯುತ್ತ ಬಂತು. ಅಜ್ಜಿ ಮಲಗಿದಾಗ ಆಯಿ ಶೆಡ್ಡಿನ ಹಿಂದಿನಿಂದ ಒಂದೊಂದು ಮುಷ್ಟಿ ತಂದು ತುಂಬುತ್ತಿದ್ದಳು. ಹಳೆಯ ಊರಿನದು ಬಿಳಿ ಹೊಯಿಗೆ, ಇಲ್ಲಿಯದು ಕೆಂಪು ಮಣ್ಣು. ಬಕೆಟು ನಿಧಾನವಾಗಿ ಕೆಂಪಾಯಿತು. ನಾವೆಲ್ಲ ನೋಡಿದೆವು, ಯಾರೂ ಬಾಯಿಬಿಡಲಿಲ್ಲ.

ನಾನು ಅಂಕೋಲಾದಲ್ಲಿ ಕೆಲಸಕ್ಕೆ ಸೇರಿ ಬಾಡಿಗೆ ಮನೆ ಹಿಡಿದ ಮೇಲೆ ಒಂದು ಭಾನುವಾರ ಮನೆಗೆ ಬಂದರೆ, ಸಾಲಿಗೆ ಸಾಲೇ ಜಗಲಿಯಲ್ಲಿ ನಿಂತಿತ್ತು. ಶೆಡ್ಡಿನ ಜಾಗವನ್ನು ಇದ್ದವರ ಹೆಸರಿಗೇ ಮಾಡಿಕೊಟ್ಟಿದ್ದರು. ಪಟ್ಟಾ ಬಂದಿತ್ತು. ಅಪ್ಪ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಬರ್ಫಿನ ಹಾಗೆ ಕರಗೀತು ಎಂಬಂತೆ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ಚಿಕ್ಕಪ್ಪ ಮಿಠಾಯಿ ತಂದಿದ್ದ. ಆಯಿ ಮಾತ್ರ ಒಳಗೆ ಮೀನು ಕೊಯ್ಯುತ್ತಿದ್ದಳು. ಅವಳು ಸುಮ್ಮನಿದ್ದಾಳೆ ಎಂದರೆ ಏನೋ ಹೇಳಲಿಕ್ಕಿದೆ ಎಂದು ಅರ್ಥ.

ಸಂಜೆ ಎಲ್ಲರೂ ಹೋದ ಮೇಲೆ ಅವಳು ಅಜ್ಜಿಯ ಎದುರು ಕೂತಳು.

"ಅತ್ತೆ, ಈಗ ಇದು ಸ್ವಂತದ್ದೇ ಆಯ್ತು. ನೀವೇ ಹೇಳಿದ್ರಿ, ಸ್ವಂತ ಮನೆ ಅಂಗಳದಲ್ಲಿ ಅಂತ."

"ಪಟ್ಟಾ ಬಂದ್ರೆ ಶೆಡ್ಡು ಮನೆ ಆಗ್ತದ್ಯಾ?"

"ಮತ್ತೆ ಎಂತ ಬಂದ್ರೆ ಆಗ್ತದೆ?"

ಅಜ್ಜಿ ಕುಟ್ಟಾಣಿಯಲ್ಲಿ ಅಡಿಕೆ ಕುಟ್ಟತೊಡಗಿದಳು. ಆಯಿ ಕಾದಳು. ಆಮೇಲೆ ಸ್ವರ ಏರಿಸದೆ ಕೇಳಿದಳು:

"ನಾ ಮದ್ವೆ ಆಗಿ ಬಂದದ್ದು ಈ ಮನೆಗೆ. ನಂಗೆ ಬೇರೆ ಮನೆ ಗೊತ್ತಿಲ್ಲ. ಇದು ಮನೆ ಅಲ್ದೇ ಹೋದ್ರೆ, ನಾನೂ ತಾತ್ಪುರ್ತೆ ಸೊಸೆಯೇ ಹೌದಲ್ಲ?"

ಕುಟ್ಟಾಣಿ ನಿಂತಿತು. ಆಗ ಕುಕ್ಕರ್ ಕೂಗಿತು ಎಂದು ನನ್ನ ನೆನಪು. ಆಯಿ, ಅವತ್ತು ಕುಕ್ಕರ್ ಇಟ್ಟಿರಲೇ ಇಲ್ಲ ಎನ್ನುತ್ತಾಳೆ. ಇರಲಿ. ಏನೋ ಒಂದು ಕೂಗಿತು.

ಆ ವಾಕ್ಯ ಕೇಳಿದ ಮೇಲೆ ನಾನು ಮೊದಲ ಬಾರಿಗೆ ಲೆಕ್ಕ ಹಾಕಿದೆ. ಆಯಿಯ ಕೂದಲು ಅರ್ಧ ಬೆಳ್ಳಗಾಗಿತ್ತು. ಇಷ್ಟು ವರ್ಷ ಅವಳು ಸಿಮೆಂಟು, ಬಚ್ಚಲು, ಚಿಲಕ ಎಂದು ಒಂದೊಂದನ್ನೂ ನಗಿಸಿ ನಗಿಸಿ ಪಡೆದದ್ದು ನೋಡಿ ನಾವು ಅದನ್ನು ಆಟ ಎಂದುಕೊಂಡಿದ್ದೆವು. ಅವಳಿಗೆ ಬೇಕಾಗಿದ್ದದ್ದು ಒಂದು ಸಸಿ, ಅದೂ ಅಜ್ಜಿಯ ಕೈಯಿಂದ. ಅಜ್ಜಿಗೆ ಆಗಲೇ ಕೈ ನಡುಗುತ್ತಿತ್ತು. ಇನ್ನೆಷ್ಟು ಮಳೆಗಾಲ ಕಳೆಯಲಿ ಎಂದು ಕಾಯುವುದು?

ಅಜ್ಜಿಯ ಕಷ್ಟವೂ ನನಗೆ ತಿಳಿಯುತ್ತಿತ್ತು, ಅಥವಾ ಈಗ ಬರೆಯುವಾಗ ತಿಳಿಯುತ್ತಿದೆ. ಇಲ್ಲಿ ತುಳಸಿ ನೆಟ್ಟರೆ ಅಲ್ಲಿ ಬಾವಿ ಮುಚ್ಚುತ್ತದೆ. ಆ ಬಾವಿ ಈಗ ಯಾವ ಕಾಂಕ್ರೀಟಿನ ಅಡಿಗಿದೆಯೋ. ಆದರೆ ಅವಳು ತಾತ್ಪುರ್ತೆ ಎನ್ನುತ್ತಿರುವ ತನಕ ಅದರಲ್ಲಿ ನೀರಿತ್ತು.

"ದೇವ್ರ ಹತ್ರ ಕೇಳುವ" ಎಂದಳು ಕೊನೆಗೆ. "ಅವ್ನು ಹೂಂ ಅಂದ್ರೆ ಇಡ್ತೆ."

ನಮ್ಮ ಊರಿನ ದೇವರೂ ಶೆಡ್ಡಿನಲ್ಲೇ ಇದ್ದಾನೆ ಎಂದು ಹೇಳಲು ಮರೆತೆ. ನಮ್ಮ ಜೊತೆಯಲ್ಲೇ ಲಾರಿಯಲ್ಲಿ ಬಂದವನು. ಸಾಲಿನ ತುದಿಯ ಶೆಡ್ಡು ಅವನದು. ಅವನಿಗೆ ಇನ್ನೂ ಪಟ್ಟಾ ಬಂದಿರಲಿಲ್ಲ. ಏನಾದರೂ ನಿರ್ಧಾರವಾಗಬೇಕಿದ್ದರೆ ಅವನಲ್ಲಿ ಪ್ರಸಾದ ಕೇಳುತ್ತೇವೆ. ಪೂಜಾರಿ ಹೂವಿನ ಎಸಳುಗಳನ್ನು ಒದ್ದೆ ಮಾಡಿ ಮೂರ್ತಿಯ ಎಡಕ್ಕೂ ಬಲಕ್ಕೂ ಅಂಟಿಸುತ್ತಾನೆ. ಬಲದ್ದು ಬಿದ್ದರೆ ಹೌದು, ಎಡದ್ದು ಬಿದ್ದರೆ ಅಲ್ಲ. ಊರಿನ ಮದುವೆ, ಆಪರೇಷನ್, ದೋಣಿಗೆ ಹೊಸ ಎಂಜಿನ್, ಎಲ್ಲ ಹೀಗೆಯೇ ತೀರ್ಮಾನವಾದದ್ದು. ನನ್ನ ಎಂ.ಎ. ಕೂಡ. ಇಷ್ಟು ಓದಿದವಳು ಇದನ್ನು ನಂಬುತ್ತೀಯಾ ಎಂದು ಕೇಳಿದರೆ, ನನ್ನ ಓದಿಗೆ ಅನುಮತಿ ಕೊಟ್ಟ ಎಸಳಿನ ಬಗ್ಗೆ ನಾನು ಹಗುರವಾಗಿ ಮಾತಾಡಲಾರೆ.

ಮಧ್ಯಾಹ್ನದ ಪೂಜೆ ಮುಗಿದ ಹೊತ್ತಿಗೆ ಹೋದೆವು, ಅಜ್ಜಿ, ಆಯಿ, ನಾನು. ತಗಡು ಕಾದು ಒಳಗೆ ರೊಟ್ಟಿ ಬೇಯುವಷ್ಟು ಸೆಕೆ. ಪೂಜಾರಿ ಎಸಳು ಅಂಟಿಸಿ ಕೇಳಿದ: "ಎಂತ ಕೇಳೂದು ಅಜ್ಜಿ?"

"ತುಳಸಿಯನ್ನ ಇಲ್ಲಿ ನೆಲಕ್ಕೆ ಇಡ್ಬಹುದಾ ಅಂತ."

ಅವನು ಕೈಮುಗಿದು ಕೇಳಿದ. ನಾವು ಎಸಳುಗಳನ್ನೇ ನೋಡಿದೆವು. ಬಲದ ಎಸಳು ಸ್ವಲ್ಪ ಅಲುಗಿತು. ಆಯಿಯ ಕೈ ನನ್ನ ಮೊಣಕೈಯನ್ನು ಹಿಡಿಯಿತು.

"ತಡಿ ತಡಿ" ಎಂದಳು ಅಜ್ಜಿ. "ಆ ಫ್ಯಾನು ಯಾರ ಬದಿಗೆ ಅದೆ?"

ಮೂಲೆಯಲ್ಲಿ ಟೇಬಲ್ ಫ್ಯಾನು ತಲೆಯಾಡಿಸುತ್ತ ತಿರುಗುತ್ತಿತ್ತು. ಬಲಕ್ಕೆ ಬಂದಾಗ ಬಲದ ಎಸಳು ಅಲುಗುತ್ತಿತ್ತು, ಎಡಕ್ಕೆ ಹೋದಾಗ ಎಡದ್ದು.

"ಫ್ಯಾನು ದೇವ್ರಿಗೆ ಹಾಕಿದ್ದು ಅಜ್ಜಿ" ಎಂದ ಪೂಜಾರಿ.

"ದೇವ್ರಿಗೆ ಹಾಕಿದ್ದಾದ್ರೆ ನಿನ್ನ ಬೆನ್ನು ಎಂತಕ್ಕೆ ಅದ್ರ ಎದುರಿಗೆ ಅದೆ? ಬಂದ್ ಮಾಡು."

ಪೂಜಾರಿ ಫ್ಯಾನು ಬಂದ್ ಮಾಡಿ, ಎಸಳುಗಳನ್ನು ಮತ್ತೆ ಒದ್ದೆ ಮಾಡಿ ಅಂಟಿಸಿದ. ಆಮೇಲೆ ಏನೂ ಆಗಲಿಲ್ಲ. ಬೆವರು ಇಳಿಯಿತು. ಪೂಜಾರಿ ಇನ್ನೊಮ್ಮೆ ಕೇಳಿದ, ಮತ್ತೊಮ್ಮೆ ಕೇಳಿದ. ಒಂದು ನೊಣ ಬಂದು ಎಡದ ಎಸಳಿನ ಮೇಲೆ ಕೂತಿತು. ಆಯಿ ದೇವರ ಕಡೆಯಿಂದ ಕಣ್ಣು ತೆಗೆಯದೆ, ನೊಣಕ್ಕೆ ಮಾತ್ರ ಕೇಳುವ ಹಾಗೆ "ಹುಶ್" ಎಂದಳು.

"ದೇವ್ರಿಗೂ ಪಂಚಾತಿಗೆ ಬಿತ್ತು ಕಾಣ್ತದೆ" ಎಂದ ಪೂಜಾರಿ, ಮುಖ ಒರೆಸಿಕೊಳ್ಳುತ್ತ.

ಅಷ್ಟರಲ್ಲಿ ಹೆದ್ದಾರಿಯಲ್ಲಿ ಕಲ್ಲು ತುಂಬಿದ ಟಿಪ್ಪರೊಂದು ಹೋಯಿತು. ಸಾಲಿಗೆ ಸಾಲೇ ಢಣಢಣ ಎಂದಿತು. ದೇವರ ಶೆಡ್ಡು ತಳದಿಂದ ಮೇಲಿನ ತನಕ ನಡುಗಿ, ಎರಡೂ ಎಸಳು ಒಟ್ಟಿಗೇ ಬಿದ್ದವು. ಒಂದು ಬಲಕ್ಕೆ, ಒಂದು ಎಡಕ್ಕೆ.

ಪೂಜಾರಿ ಬಗ್ಗಿ ಎರಡನ್ನೂ ನೋಡಿದ, ಸಾಕ್ಷಿಗೆ ನಮ್ಮನ್ನೂ ನೋಡಿದ. "ಹೌದೂ ಅಂತಾನೆ, ಅಲ್ಲಾ ಅಂತಾನೆ" ಎಂದ. "ಇನ್ನೊಂದ್ಸಲ ಕೇಳ್ವನ್ಯಾ?"

ಆಯಿಯ ಕೈ ನನ್ನ ಮೊಣಕೈಯಿಂದ ಜಾರಿತು. ನಾನು ಅವಳ ಮುಖ ನೋಡಲಿಲ್ಲ. ನೋಡಲಿಲ್ಲ ಎಂಬುದು ಖಚಿತವಾಗಿ ನೆನಪಿದೆ, ಏಕೆಂದರೆ ಆ ಹೊತ್ತು ಫ್ಯಾನಿನ ರೆಕ್ಕೆಯ ಮೇಲಿನ ಧೂಳನ್ನೇ ನೋಡುತ್ತಿದ್ದೆ.

ಅಜ್ಜಿ ಮೂರ್ತಿಯನ್ನು ಬಹಳ ಹೊತ್ತು ನೋಡಿದಳು. ತಗಡಿನ ಮಾಡನ್ನು ನೋಡಿದಳು. ಅವಳ ಮುಖದಲ್ಲಿ ನಗು ಬಂದದ್ದು ಮೊದಲೋ, ಮಾತು ಬಂದದ್ದು ಮೊದಲೋ ಹೇಳಲಾರೆ.

"ಬ್ಯಾಡ" ಎಂದಳು. "ಇನ್ನೆಂತ ಕೇಳೂದು? ಪಾಪ, ಅವ್ನೂ ಶೆಡ್ಡಿನಲ್ಲೇ ಇದ್ದವ. ಅವ್ನಿಗೂ ಗೊತ್ತಿಲ್ಲ."

ಅಜ್ಜಿ ನೇರವಾಗಿ ಅಂಗಳಕ್ಕೆ ಬಂದು ಬಕೆಟಿನ ಎದುರು ನಿಂತಳು. ಬೆರಳಿನಿಂದ ಒಂದಿಷ್ಟು ಮಣ್ಣು ಕೆದಕಿ ಎತ್ತಿ ಆಯಿಗೆ ತೋರಿಸಿದಳು.

"ಇದು ಊರ ಹೊಯಿಗೆಯ್ಯಾ?"

ಆಯಿ ನೆಲ ನೋಡಿದಳು. "ಊರದ್ದೂ ಸ್ವಲ್ಪ ಅದೆ ಅತ್ತೆ. ಕೆಳಗೆ."

"ಕೆಳಗೆ ಇದ್ದದ್ದು ನಂಗೂ ಗೊತ್ತದೆ. ಮೇಲಿಂದು ಕೆಂಪಾದದ್ದೂ ಗೊತ್ತದೆ. ನಿಮ್ಮ ತಾತ್ಪುರ್ತೆ ಸಿಮೆಂಟು ಎಷ್ಟು ಗಟ್ಟಿ ಅದೆ ಅಂತ ನನ್ನ ಮಂಡಿ ಹೇಳ್ತದೆ ಗೋ, ದಿನಾ ಕೂತು ಏಳೂವಾಗ." ಮಣ್ಣನ್ನು ವಾಪಸು ಬಕೆಟಿಗೆ ಉದುರಿಸಿದಳು. "ಗೌಂಡಿಗೆ ಹೇಳು. ಕಟ್ಟೆ ಕಟ್ಲಿ."

ಆಯಿ ತಲೆಯೆತ್ತಿ ಅವಳನ್ನು ನೋಡಿದಳು.

"ತಾತ್ಪುರ್ತೆ" ಎಂದಳು ಅಜ್ಜಿ.

ಗೌಂಡಿ ಬಂದ. ಅದೇ ಗೌಂಡಿ, ಈಗ ಕನ್ನಡಕ ಹಾಕಿಕೊಂಡಿದ್ದ. ವಿಷಯ ಕೇಳಿ ನಕ್ಕು ಅಜ್ಜಿಯನ್ನೇ ಕೇಳಿದ: "ತಾತ್ಪುರ್ತೆ ಕಟ್ಟೆ ಅಂದ್ರೆ ಎಷ್ಟು ಗಟ್ಟಿ ಬೇಕು ಅಜ್ಜಿ?"

"ಇವಳ ಮೊಮ್ಮಕ್ಕಳ ಕಾಲಕ್ಕೂ ಅಲ್ಲಾಡೂಕಾಗ" ಎಂದಳು ಅಜ್ಜಿ, ಆಯಿಯ ಕಡೆ ಗಲ್ಲ ತೋರಿಸಿ.

ಕಟ್ಟೆಯ ಒಂದು ಕಲ್ಲು ಸ್ವಲ್ಪ ಹೊರಗೆ ಚಾಚಿರಲಿ ಎಂದೂ ಹೇಳಿದಳು. ಗೌಂಡಿಗೆ ಅದು ಸರಿ ಕಾಣಲಿಲ್ಲ, ಆದರೂ ಮಾಡಿದ. ಅದು ನನಗೆ ಗುರುತಿನ ಕಲ್ಲು. ನಾನು ನೋಡದ ಬಾವಿಯದು.

ಸಸಿಯನ್ನು ಕೊಟ್ಟದ್ದು ಬೆಳಿಗ್ಗೆ. ಅಜ್ಜಿ ಬಕೆಟಿನಿಂದ ಬೇರು ಸಮೇತ ಒಂದು ಸಣ್ಣ ಗಿಡ ಬಿಡಿಸಿದಳು. ಕೈ ನಡುಗಿ ಮಣ್ಣು ಉದುರಿ ಬೇರು ಬರಿದಾಯಿತು. ಆಯಿ ಎರಡೂ ಅಂಗೈ ಒಡ್ಡಿ ಕೆಳಗೆ ಹಿಡಿದಳು. ಆಗಲೇ ಮೊಮ್ಮಕ್ಕಳನ್ನು ಕಾಣುವ ವಯಸ್ಸಾಗಿದ್ದ ಆಯಿಯ ತಲೆಯ ಮೇಲೆ ಅಜ್ಜಿ ಹೊಸ ಸೊಸೆಗೆ ಹಾಕುವ ಹಾಗೆ ಸೆರಗು ಎಳೆದು ಹಾಕಿದಳು. "ಅರ್ಧ ತಲೆ ಬೆಳ್ಳಗಾದ ಮೇಲೆ ಬಂದೆ ನೀನು" ಎಂದಳು. ಆಯಿ, "ನೀವು ಬಾಗ್ಲು ತೆಗೀಲಿಲ್ಲ" ಎಂದಳು. ಇಬ್ಬರೂ ನಗುತ್ತಿದ್ದರು ಎಂದು ದಿನಚರಿಯಲ್ಲಿ ಬರೆದಿದ್ದೇನೆ. ಆಯಿ ಅತ್ತಳು ಎಂದು ಅಪ್ಪ ಹೇಳುತ್ತಾನೆ. ನಾನು ಫೋಟೋ ತೆಗೆದಿದ್ದೆ. ಅದರಲ್ಲಿ ಬಂದದ್ದು ಆಯಿಯ ಸೆರಗು, ಸಸಿ ಮತ್ತು ಅಜ್ಜಿಯ ಹೆಬ್ಬೆರಳು.

ಮಂಚದಡಿಯ ಹಿತ್ತಾಳೆ ಪಾತ್ರೆಗಳು ಗೋಣಿಯಲ್ಲಿ ಹಾಗೇ ಇವೆ. ಮೊಳೆಯ ಕಾನೂನೂ ಜಾರಿಯಲ್ಲಿದೆ. ಅದು ನನಗೂ ಹತ್ತಿಕೊಂಡಿದೆ. ಅಂಕೋಲಾದ ಬಾಡಿಗೆ ಮನೆಯಲ್ಲಿ ನನ್ನ ಕ್ಯಾಲೆಂಡರು ಇಂದಿಗೂ ನೆಲದ ಮೇಲೆ ಗೋಡೆಗೆ ಒರಗಿ ನಿಂತಿರುತ್ತದೆ. ಕಟ್ಟೆಗೆ ನೀರು ಹಾಕುವುದು ಮಾತ್ರ ಈಗ ಆಯಿ. ಖಾಲಿಯಾದ ಬಕೆಟನ್ನು ಎಸೆಯಲು ಅಜ್ಜಿ ಬಿಡಲಿಲ್ಲ. ಮತ್ತೆ ಹೊರಡುವಾಗ ಬೇಕಾಗುತ್ತದೆ ಎಂದು ತೊಳೆದು, ಬೋರಲು ಹಾಕಿ ಕಟ್ಟೆಯ ಪಕ್ಕದಲ್ಲಿ ಇಟ್ಟಳು. ಆಮೇಲೆ ಅದೇ ಅವಳ ಪೀಠವಾಯಿತು.

ಬಸ್ಸಿಳಿದು ನಾನು ಒಳಬದಿಗೆ ನಡೆದರೆ ಮೊದಲು ಕಾಣುವುದು ಅದೇ. ಈಚೆಗೆ ಹೋದಾಗಲೂ ಬಕೆಟಿನ ಮೇಲೆ ಕೂತು, ಚಾಚಿದ ಕಲ್ಲಿನ ಮೇಲೆ ಎಲೆಯ ತಟ್ಟೆ ಇಟ್ಟುಕೊಂಡಿದ್ದಳು. ಆಯಿ ಬಚ್ಚಲಿನಿಂದ ಒಗೆದ ಬಟ್ಟೆಯ ರಾಶಿ ಹೊತ್ತು ಬಂದು ಅವಳ ಎದುರು ನಿಂತಳು.

"ಏಳಿ ಅತ್ತೆ, ಬಕೆಟು ಬೇಕು. ಆವಾಗಿಂದ ಕೂತಿದ್ರಿ."

"ತಡಿ ಗೋ" ಎಂದಳು ಅಜ್ಜಿ, ಸುಣ್ಣದ ಬೆರಳು ಎತ್ತಿ. "ತಾತ್ಪುರ್ತೆ ಕೂತದ್ದು."